ಎರ್ಲಾಂಗೆನ್‌ನಲ್ಲಿ ರಾಕ್ಷಸ ಸಂಹಾರ

ಒಂದೇ ಸಿನಿಮಾವನ್ನು ಆರು ವಾರದೊಳಗೆ ಎರಡು ದೇಶಗಳಲ್ಲಿ ದುಡ್ಡು ಕೊಟ್ಟು ನೋಡುವಷ್ಟು ಸಿನಿಮಾ ಹುಚ್ಚು ನಮಗಿಲ್ಲ. ಆದರೆ ಮನೆಯಲ್ಲಿ ಹನ್ನೆರಡನೇ ಕ್ಲಾಸಿನ ಮಗನಿದ್ದರೆ ಏನೆಲ್ಲ ಆಗುತ್ತದೆ ಎಂಬುದು ಈ ಸಂಚಿಕೆ ಓದುವ ಹಲವರಿಗೆ ಗೊತ್ತಿರುತ್ತದೆ. 2025ರ ಸೆಪ್ಟೆಂಬರ್ 12ರ ಶುಕ್ರವಾರ ರಾತ್ರಿ, ಡ್ಯೂಟಿ ಮುಗಿಸಿ ಬಂದ ಬಟ್ಟೆಯಲ್ಲೇ, ಅವನ ಜೊತೆ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ನೋಡಲು ಹೋದೆವು. ಜಪಾನಿನ ಅನಿಮೆ. ಕಾರ್ಟೂನ್ ಎಂದರೆ ಮಗನಿಗೆ ಸಿಟ್ಟು ಬರುತ್ತದೆ, ಆದ್ದರಿಂದ ಅನಿಮೆ ಎಂದೇ ಬರೆಯುತ್ತೇವೆ. ಎರಡು ಗಂಟೆ ಮೂವತ್ತೈದು ನಿಮಿಷ. ಮೇಲೆ ಜಪಾನೀ ಮಾತು, ಕೆಳಗೆ ಅರಬಿ ಮತ್ತು ಇಂಗ್ಲಿಷ್ ಅಕ್ಷರ. ಹೊರಗೆ ಬರುವಾಗ ಮಗ ಕಣ್ಣೊರೆಸಿಕೊಳ್ಳುತ್ತಿದ್ದ, ನಾವು ಆಕಳಿಸುತ್ತಿದ್ದೆವು.

"ಹೇಗಿತ್ತು?" ಎಂದ.

"ಚಿತ್ರ ಚೆನ್ನಾಗಿದೆ ಮಾರಾಯ, ಕಥೆ ಎಲ್ಲಿದೆ?" ಎಂದೆವು. ಮನೆ ಮುಟ್ಟುವವರೆಗೆ ಅವನು ಮಾತಾಡಲಿಲ್ಲ.

ಕಥೆ ಇಲ್ಲವೆಂದಲ್ಲ, ಇದೆ. ನಮ್ಮಂಥ ಔಷಧದ ಕಸುಬಿನವರಿಗೆ ಅದರ ಬುಡವೇ ಬಹಳ ರುಚಿಸುವಂಥದ್ದು. ಸಾವಿರ ವರ್ಷದ ಹಿಂದೆ ಜಪಾನಿನಲ್ಲಿ ಮುಜಾನ್ ಎಂಬ ರೋಗಿಷ್ಠ ಯುವಕನಿದ್ದ. ಇಪ್ಪತ್ತು ವರ್ಷ ದಾಟುವುದಿಲ್ಲ ಎಂದಿದ್ದರಂತೆ. ಒಬ್ಬ ವೈದ್ಯ ಹೊಸ ಮದ್ದೊಂದನ್ನು ಕೊಡಲು ಶುರುಮಾಡಿದ. ಗುಣ ಕಾಣದೆ ರೋಗ ಹೆಚ್ಚಾಯಿತೆಂದು ಸಿಟ್ಟಿನಿಂದ ಯುವಕ ಆ ವೈದ್ಯನನ್ನೇ ಕೊಂದುಬಿಟ್ಟ. ಆಮೇಲೆ ನೋಡಿದರೆ ಮದ್ದು ಹಿಡಿದಿತ್ತು, ಆದರೆ ಚಿಕಿತ್ಸೆ ಪೂರ್ತಿಯಾಗಿರಲಿಲ್ಲ. ಹಾಗಾಗಿ ಅವನು ಸಾವಿಲ್ಲದ, ಬಿಸಿಲಿಗೆ ಬರಲಾಗದ, ನರಮಾಂಸ ತಿನ್ನುವ ರಾಕ್ಷಸನಾದ. ಮುಂದಿನ ರಾಕ್ಷಸರೆಲ್ಲ ಅವನ ರಕ್ತದಿಂದ ಆದವರು. ಅಂದರೆ ಇಷ್ಟೆಲ್ಲ ರಾದ್ಧಾಂತ ಕೋರ್ಸ್ ಮುಗಿಸದ ಒಬ್ಬ ರೋಗಿಯಿಂದ! ಮೂರು ದಿನಕ್ಕೆ ಜ್ವರ ಬಿಟ್ಟಿತೆಂದು ಆ್ಯಂಟಿಬಯಾಟಿಕ್ ನಿಲ್ಲಿಸಿ, ಉಳಿದದ್ದನ್ನು ರೂಮಿನ ಗೆಳೆಯನಿಗೆ ದಾನ ಮಾಡುವವರನ್ನು ವಾರಕ್ಕೊಬ್ಬರಾದರೂ ಕೌಂಟರಿನಲ್ಲಿ ಕಾಣುವ ನಮಗೆ ಈ ಮುಜಾನ್ ಅಪರಿಚಿತನೇನಲ್ಲ. (ದಯವಿಟ್ಟು ಹಾಗೆ ಮಾಡಬೇಡಿ. ಡಾಕ್ಟರು ಬರೆದಷ್ಟು ದಿನ ತಗೊಳ್ಳಿ. ನಿಮ್ಮ ಮದ್ದು ಗೆಳೆಯನ ಮದ್ದಲ್ಲ.)

ಇದು ಕೊಯೊಹಾರು ಗೊತೊಗೆ ಎಂಬ ಹೆಸರಿನಲ್ಲಿ ಬರೆಯುವವರ ಚಿತ್ರಕಥೆ. 2016ರಿಂದ 2020ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ 205 ಅಧ್ಯಾಯಗಳಾಗಿ ಬಂತು, 23 ಪುಸ್ತಕಗಳಾಯಿತು. 2019ರಲ್ಲಿ ಯುಫೊಟೇಬಲ್ ಎಂಬ ಸ್ಟುಡಿಯೊ ಟಿವಿಗೆ ತಂದಿತು. ಮನೆಯವರನ್ನೆಲ್ಲ ರಾಕ್ಷಸನಿಗೆ ಕಳೆದುಕೊಂಡ, ಇದ್ದಿಲು ಮಾರುವ ಹುಡುಗ ತಂಜಿರೊ, ರಾಕ್ಷಸಿಯಾಗಿ ಮಾರ್ಪಟ್ಟ ತಂಗಿಯನ್ನು ಮತ್ತೆ ಮನುಷ್ಯಳನ್ನಾಗಿ ಮಾಡಲು ಕತ್ತಿ ಹಿಡಿದು ಹೊರಡುತ್ತಾನೆ. 2020ರ ಅಕ್ಟೋಬರಿನಲ್ಲಿ, ಕೊರೊನಾ ನಡುವೆಯೇ, ಇದರ 'ಮುಗೆನ್ ಟ್ರೇನ್' ಎಂಬ ಸಿನಿಮಾ ಬಂದು 19 ವರ್ಷಗಳಿಂದ ಉಳಿದಿದ್ದ 'ಸ್ಪಿರಿಟೆಡ್ ಅವೇ' ಚಿತ್ರದ ದಾಖಲೆಯನ್ನು ಜಪಾನಿನಲ್ಲಿ ಮುರಿಯಿತು. ನಾವು ನೋಡಿದ 'ಇನ್ಫಿನಿಟಿ ಕ್ಯಾಸಲ್' ಮೂರು ಭಾಗಗಳ ಕೊನೆಯ ಕಾಳಗದಲ್ಲಿ ಮೊದಲನೆಯದು. ಜಗತ್ತಿನ ಒಟ್ಟು ಗಳಿಕೆಯಲ್ಲಿ ಅದನ್ನೂ ಹಿಂದೆ ಹಾಕಿತು. ಭಾರತದಲ್ಲಿ ಹಿಂದಿ, ತಮಿಳು, ತೆಲುಗಿನಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ. ದಶಕಗಳ ಕಾಲ ಡಬ್ಬಿಂಗ್ ಬೇಡವೆಂದು ಕೂತವರು ನಾವೇ, ಈಗ ಯಾರನ್ನು ಬಯ್ಯುವುದು.

ಮೊದಲ ಸಲ ನೋಡಿದಾಗ ನಮಗೆ ಬೇಸರ ಬಂದದ್ದು ಯಾಕೆ? ಚಿತ್ರದಲ್ಲಿ ತಪ್ಪಿಲ್ಲ. ರಾಕ್ಷಸರ ಕೋಟೆಯೆಂದರೆ ಚಾಪೆ ಹಾಸಿದ ಕೋಣೆ, ಕಾಗದದ ಬಾಗಿಲು, ಮೆಟ್ಟಿಲು, ಜಗಲಿ ಎಲ್ಲವೂ ತಲೆಕೆಳಗಾಗಿ, ಅಡ್ಡಡ್ಡವಾಗಿ, ಕೊನೆಯಿಲ್ಲದೆ ಜೋಡಿಸಿದ ಒಂದು ಪಾತಾಳ. ಒಬ್ಬಳು ರಾಕ್ಷಸಿ ತಂತಿವಾದ್ಯ ಮೀಟಿದರೆ ಕೋಣೆಗಳು ಜರುಗುತ್ತವೆ. ಅದರೊಳಗೆ ಹುಡುಗರು ಮೇಲಿನಿಂದ ಬೀಳುತ್ತಲೇ ಇರುತ್ತಾರೆ, ಅವರ ಹಿಂದೆಯೇ ಕ್ಯಾಮರಾ ಕೂಡ ಬೀಳುತ್ತದೆ. ಮನುಷ್ಯರನ್ನು ಕೈಯಲ್ಲಿ ಬಿಡಿಸಿದ ಗೆರೆಯಲ್ಲೇ ಇಟ್ಟು, ಕೋಟೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಎರಡನ್ನೂ ಬೆರಕೆ ಗೊತ್ತಾಗದಂತೆ ಸೇರಿಸುವುದು ಈ ಸ್ಟುಡಿಯೊದ ಕೈಚಳಕ. ಕತ್ತಿ ಬೀಸಿದಾಗ ಏಳುವ ನೀರು ಹಳೆಯ ಜಪಾನೀ ಮರದಚ್ಚಿನ ಚಿತ್ರಗಳ ಅಲೆಯಂತೆ, ದಪ್ಪ ಕಪ್ಪು ಗೆರೆಯೊಂದಿಗೆ ಏಳುತ್ತದೆ. ನೋಡಲು ಎರಡು ಕಣ್ಣು ಸಾಲದು.

ಬೇಸರ ಬಂದದ್ದು ಮಾತಿನಿಂದ. ಒಂದು ಏಟು ಹೊಡೆಯುವ ಮೊದಲು ಹೊಡೆಯುತ್ತೇನೆ ಎಂದು ಹೇಳುತ್ತಾರೆ. ಹೊಡೆದ ಮೇಲೆ ಹೇಗೆ ಹೊಡೆದೆನೆಂದು ಮನಸ್ಸಿನಲ್ಲಿ ವಿವರಿಸುತ್ತಾರೆ. ತಿಂದವನು ಹೇಗೆ ತಿಂದೆನೆಂದು ಯೋಚಿಸುತ್ತಾನೆ. ಕಣ್ಣಿಗೆ ಕಂಡದ್ದನ್ನೇ ಅಕ್ಷರದಲ್ಲಿ ಮತ್ತೆ ಓದಬೇಕು. ಇಡೀ ಚಿತ್ರದಲ್ಲಿ ನಡೆಯುವುದು ಮೂರು ದೊಡ್ಡ ಕಾಳಗ, ಅದೂ ಒಂದೇ ರಾತ್ರಿ. ಕಾಳಗ ಬಿಸಿಯೇರಿದಾಗಲೆಲ್ಲ ನಿಲ್ಲಿಸಿ ಹತ್ತು ವರ್ಷ, ನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಯಾರ ಬಗ್ಗೆ ನಮಗೆ ಮೊದಲೇ ಗೊತ್ತಿರಬೇಕಿತ್ತೋ ಅವರ ಕಷ್ಟಸುಖ ಅವರ ತಲೆ ಹಾರಿದ ಮೇಲೆ ಬರುತ್ತದೆ. ಊಟವಾದ ಮೇಲೆ ಉಪ್ಪಿನಕಾಯಿ ಬಡಿಸಿದ ಹಾಗೆ.

ಶಿನೊಬು ಎಂಬವಳ ಪ್ರಸಂಗವನ್ನಂತೂ ಕಸುಬಿನ ಅಭಿಮಾನದಿಂದ ಕಾದು ನೋಡಿದೆವು. ಅವಳು ಸಣ್ಣ ಮೈಕಟ್ಟಿನವಳು. ರಾಕ್ಷಸನ ತಲೆ ಕಡಿಯುವಷ್ಟು ತೋಳಬಲ ಇಲ್ಲ. ಆದ್ದರಿಂದ ವಿಸ್ಟೀರಿಯಾ ಹೂವಿನಿಂದ ವಿಷ ತಯಾರಿಸಿ ಕತ್ತಿಯ ಮೊನೆಯಿಂದ ಚುಚ್ಚುತ್ತಾಳೆ. ನಮ್ಮ ಕಸುಬಿನವಳೇ. ವಿಸ್ಟೀರಿಯಾ ನಿಜವಾದ ಬಳ್ಳಿ, ನೇರಳೆ ಗೊಂಚಲು ಬಿಡುತ್ತದೆ. ಅದರ ಬೀಜ ಮತ್ತು ಕೋಡು ಮನುಷ್ಯರಿಗೂ ವಿಷವೇ, ತಿಂದರೆ ವಾಂತಿ, ಹೊಟ್ಟೆನೋವು. ಅಕ್ಕನನ್ನು ಕೊಂದ ರಾಕ್ಷಸನಿಗೆ ಅವಳು ಮತ್ತೆ ಮತ್ತೆ ಚುಚ್ಚುತ್ತಾಳೆ. ಅವನು ಪ್ರತಿ ಸಲವೂ ಕೆಮ್ಮಿ, ವಿಷವನ್ನು ಮೈಯೊಳಗೇ ಮುರಿದು, ಇನ್ನೊಂದು ಡೋಸ್ ಇದೆಯಾ ಎಂಬಂತೆ ನಗುತ್ತಾನೆ. ಔಷಧ ನಿರೋಧಕತೆಯನ್ನು ಇಷ್ಟು ಚೆನ್ನಾಗಿ ತೋರಿಸಿದ ಸಿನಿಮಾ ನಾವು ನೋಡಿಲ್ಲ. ಆದರೆ ಅವಳು ಸೋಲುವ ಹೊತ್ತಿಗೆ ಕಥೆ ಅವಳನ್ನು ಬಿಟ್ಟು ಇನ್ನೊಂದು ಕೋಣೆಗೆ ಓಡುತ್ತದೆ. ಅವಳ ಸೋಲಿನ ಲೆಕ್ಕ ಮುಂದಿನ ಭಾಗಕ್ಕೆ ಬಾಕಿ. ಬಾಕಿ ಇಡುವ ಅಂಗಡಿಯವನಿಗೆ ಗಿರಾಕಿ ಮತ್ತೆ ಬರಲೇಬೇಕಲ್ಲ.

ಇಷ್ಟು ಮುನಿಸಿಕೊಂಡವರು ಎರಡನೇ ಸಲ ಯಾಕೆ ಹೋದೆವು ಎಂದರೆ, ಎರ್ಲಾಂಗೆನ್.

ಎರ್ಲಾಂಗೆನ್ ಎಂಬ ಹೆಸರು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುವಂಥದ್ದು. ಕ್ಷ-ಕಿರಣ ಕಂಡುಹಿಡಿದ ಮರುವರ್ಷ, 1896ರಿಂದಲೇ, ಅದರ ಯಂತ್ರಗಳಿಗೆ ಕೈಹಾಕಿದ ಊರು ಅದು. ಸ್ಕ್ಯಾನಿಂಗ್ ಯಂತ್ರಗಳ ಸೀಮೆನ್ಸ್ ವೈದ್ಯಕೀಯ ವಿಭಾಗದ ಬೇರು ಅಲ್ಲಿದೆ. ಆ ಕಾರಣಕ್ಕೇ ಬೆಂಗಳೂರು, ಮಂಗಳೂರಿನ ಇಂಜಿನಿಯರುಗಳು ಅಲ್ಲಿ ಸೇರಿಕೊಂಡಿದ್ದಾರೆ. ಮಗನ ಸೋದರಮಾವ ಅವರಲ್ಲೊಬ್ಬ. ಅಕ್ಟೋಬರ್ ನಡುವಿನ ಶಾಲೆ ರಜೆಯಲ್ಲಿ ಒಂದು ವಾರ ಅವರ ಮನೆಗೆ ಹೋಗಿದ್ದೆವು. ನಾವು ಬಿಟ್ಟುಬಂದ ಸೆಕೆ ಇನ್ನೂ ಮೈಯಲ್ಲಿತ್ತು, ಅಲ್ಲಿ ಬೆಳಿಗ್ಗೆ ಬಾಯಿಂದ ಹೊಗೆ. ಊರ ತುಂಬ ಸೈಕಲ್. ಫ್ರಾನ್ಸಿನಿಂದ ಓಡಿಬಂದ ಹ್ಯೂಗೆನೊ ಪ್ರಾಟೆಸ್ಟಂಟರಿಗಾಗಿ 1686ರಲ್ಲಿ ಗೆರೆ ಎಳೆದು ಕಟ್ಟಿದ ಹೊಸಪೇಟೆ, ಅವರ ಹೆಸರಿನದೇ ಚೌಕ. ಕೆಲಸಕ್ಕಾಗಿ, ಜೀವಕ್ಕಾಗಿ ಬೇರೆ ಊರಿಗೆ ಬಂದವರು ಕಟ್ಟಿದ ಊರೆಂದರೆ ನಮಗೆ ಒಂದು ಸಲಿಗೆ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಓಮನ ನಿಯಮದ ಗೆಯೋರ್ಗ್ ಓಮ್ 1789ರಲ್ಲಿ ಹುಟ್ಟಿದ್ದೂ ಅಲ್ಲೇ. ಬೀದಿಬೀದಿಯಲ್ಲಿ ಕೆಂಪು 'ಎ' ಅಕ್ಷರದ ಔಷಧದಂಗಡಿಗಳು. ನಾವು ಒಂದರೊಳಗೆ ಸುಮ್ಮನೆ ಹೋಗಿ ಕೆಮ್ಮಿನ ಗುಳಿಗೆ ಕೊಂಡು, ಕಪಾಟುಗಳನ್ನೆಲ್ಲ ನೋಡಿ ಬಂದೆವು. ಬೇರೆಯವರು ಇಗರ್ಜಿ ನೋಡುತ್ತಾರೆ, ನಾವು ಇದನ್ನು.

ಮಗನಿಗೆ ಆ ಊರು ಬೇರೆಯದೇ ಕಾರಣಕ್ಕೆ ಗೊತ್ತಿತ್ತು. 1984ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿ ಅಂತಾರಾಷ್ಟ್ರೀಯ ಕಾಮಿಕ್ ಸಲೋನ್ ನಡೆಯುತ್ತದೆ. ಜರ್ಮನ್ ಭಾಷೆಯ ಚಿತ್ರಕಥೆಗಳಿಗೆ ಅದಕ್ಕಿಂತ ದೊಡ್ಡ ಜಾತ್ರೆಯಿಲ್ಲ. 2020ರಲ್ಲಿ ಕೊರೊನಾದಿಂದ ನಿಂತದ್ದು ಬಿಟ್ಟರೆ ತಪ್ಪಿಲ್ಲ. ನಾಲ್ಕು ದಿನ ಊರ ನಡುವಿನ ಚೌಕಗಳಲ್ಲಿ ಡೇರೆ ಹಾಕುತ್ತಾರೆ. ನಾವು ಹೋದದ್ದು ಜಾತ್ರೆಯಿಲ್ಲದ ವರ್ಷ. ಆದರೂ ಸೋದರಮಾವನ ಹದಿನಾರು ವರ್ಷದ ಮಗಳು ಡೇರೆ ಹಾಕಿದ್ದ ಜಾಗಗಳನ್ನೆಲ್ಲ ಮಗನಿಗೆ ತೋರಿಸಿದಳು: ಇಲ್ಲಿ ಪುಸ್ತಕ, ಇಲ್ಲಿ ಸಹಿ ಹಾಕಿಸಿಕೊಳ್ಳುವ ಸಾಲು, ಇಲ್ಲಿ ವೇಷ ಹಾಕಿ ಬಂದವರು. ಖಾಲಿ ಚೌಕದಲ್ಲಿ ನಿಂತು ಇಬ್ಬರೂ ಅರ್ಧ ಗಂಟೆ ಮಾತಾಡಿದರು, ನಾವು ಚಳಿಯಲ್ಲಿ ಕೈ ಉಜ್ಜುತ್ತ ನಿಂತಿದ್ದೆವು.

ಆ ಜಾತ್ರೆಯಲ್ಲಿ ಕೊಡುವ ಪ್ರಶಸ್ತಿಯ ಹೆಸರು 'ಮಾಕ್ಸ್ ಉಂಟ್ ಮೋರಿಟ್ಸ್'. ವಿಲ್ಹೆಲ್ಮ್ ಬುಷ್ 1865ರಲ್ಲಿ ಬಿಡಿಸಿದ ಇಬ್ಬರು ತುಂಟ ಹುಡುಗರ ಕಥೆ. ಹುಡುಗಿ ತನ್ನ ಚಿಕ್ಕಂದಿನ ಪ್ರತಿಯನ್ನು ತಂದು ನಮಗೆ ಕನ್ನಡದಲ್ಲಿ ಹೇಳಿದಳು. ಅವಳ ಕನ್ನಡದಲ್ಲಿ ಎಲ್ಲರೂ 'ಅದು', ಅಜ್ಜಿಯೂ 'ಅದು', ಕೋಳಿಯೂ 'ಅದು', ಆದರೂ ಒಂದು ಕಡೆಯೂ ನಮಗೆ ತಪ್ಪಲಿಲ್ಲ. ಏಳು ತಂಟೆ. ಪ್ರತಿಯೊಂದರಲ್ಲೂ ಯಾರಿಗೆ ಯಾಕೆ ತೊಂದರೆ ಕೊಡುತ್ತಾರೆಂಬುದು ಮೊದಲ ಚಿತ್ರದಲ್ಲೇ ಗೊತ್ತಾಗುತ್ತದೆ. ಕೊನೆಗೆ ಹುಡುಗರು ಗಿರಣಿಯಲ್ಲಿ ಕಾಳಾಗಿ ಬಾತುಕೋಳಿಗಳ ಹೊಟ್ಟೆ ಸೇರುತ್ತಾರೆ. ಕ್ರೂರವೇ, ಆದರೆ ಅರ್ಧ ಗಂಟೆಯಲ್ಲಿ ಮುಗಿದು ಒಂದು ಗೆರೆಯೂ ಹೆಚ್ಚಿಲ್ಲ ಅನ್ನಿಸಿತು.

"ಹಾಗಾದರೆ ಡೀಮನ್ ಸ್ಲೇಯರ್ ಪುಸ್ತಕ ಓದಿ ಅತ್ತೆ, ಸಿನಿಮಾ ಬೇರೆ, ಪುಸ್ತಕ ಬೇರೆ" ಎಂದಳು. ಅವಳ ಕಪಾಟಿನಲ್ಲಿ 23 ಭಾಗವೂ ಜರ್ಮನಿನಲ್ಲಿದ್ದವು. ಹಿಂದಿನಿಂದ ಮುಂದಕ್ಕೆ, ಬಲದಿಂದ ಎಡಕ್ಕೆ. ಅರಬಿ ಬೋರ್ಡುಗಳ ನಡುವೆ ಇರುವ ನಮಗೆ ಆ ದಿಕ್ಕು ವಿಚಿತ್ರವೆನಿಸಲಿಲ್ಲ. ಅವಳು ಹೇಳಿದ್ದರಲ್ಲಿ ಹುರುಳಿತ್ತು. ವಾರಪತ್ರಿಕೆಯಲ್ಲಿ ವಾರಕ್ಕೆ ಇಪ್ಪತ್ತು ಪುಟದ ಒಳಗೆ ಬರುವ ಕಥೆ. ಓದುವವನಿಗೆ ಹಿಂದಿನ ವಾರದ್ದು ಮರೆತಿರುತ್ತದೆ, ಆದ್ದರಿಂದ ಪಾತ್ರಗಳು ತಾವೇನು ಮಾಡುತ್ತಿದ್ದೇವೆಂದು ಹೇಳಿಕೊಳ್ಳುತ್ತಲೇ ಇರಬೇಕು. ಪುಟದಲ್ಲಿ ಗೆರೆ ಸರಳ, ಮಾತನ್ನು ಕಣ್ಣು ಎರಡು ಸೆಕೆಂಡಿನಲ್ಲಿ ದಾಟುತ್ತದೆ. ಸ್ಟುಡಿಯೊದವರು ಆ ಪುಟಗಳನ್ನು ಹೆಚ್ಚುಕಡಿಮೆ ಚೌಕಚೌಕವಾಗಿ ತೆರೆಗೆ ಇಳಿಸಿದ್ದಾರೆ, ಒಂದು ಮಾತೂ ಬಿಟ್ಟಿಲ್ಲ. ಹತ್ತು ನಿಮಿಷದಲ್ಲಿ ಓದಿ ಮುಗಿಸುವ ಹಿಂದಿನ ಕಥೆ ತೆರೆಯಲ್ಲಿ ಅರ್ಧ ಗಂಟೆಯ ಹತ್ತಿರ ಆಗುತ್ತದೆ. ಭಕ್ತಿ ಹೆಚ್ಚಾದರೆ ಹೀಗಾಗುತ್ತದೆ.

ದೀಪಾವಳಿಗೆ ಎರಡು ದಿನ ಮೊದಲು, ಶನಿವಾರ ಸಂಜೆ, ಮಕ್ಕಳಿಬ್ಬರ ಒತ್ತಾಯಕ್ಕೆ ಅಲ್ಲಿ ಮತ್ತೆ ಟಿಕೆಟ್ ತೆಗೆದೆವು. ಅಲ್ಲಿ ಜರ್ಮನಿಗೆ ಡಬ್ ಮಾಡಿದ್ದೇ ಹೆಚ್ಚು. ಮಕ್ಕಳಿಗೆ ಜಪಾನೀ ಧ್ವನಿಯೇ ಬೇಕು. ಹಾಗಾಗಿ ಜಪಾನೀ ಮಾತು, ಕೆಳಗೆ ಜರ್ಮನ್ ಅಕ್ಷರ. ನಮಗೆ ಎರಡೂ ಇಲ್ಲ.

ಆಗ ಅದು ಬೇರೆಯೇ ಸಿನಿಮಾ ಆಯಿತು. ಓದುವ ಕೆಲಸ ಇಲ್ಲವಾದದ್ದರಿಂದ ಕಣ್ಣು ತೆರೆಯ ಕೆಳಗೆ ಇಳಿಯಲಿಲ್ಲ. ನಮಗೆ ನೆನಪಾದದ್ದು ಊರಿನ ಬಯಲಾಟ. ಬೆಳಗಿನ ಜಾವ, ಅರೆನಿದ್ದೆ, ಒಮ್ಮೆಲೇ ಚೆಂಡೆ ಏರಿ, ದೊಂದಿಗೆ ರಾಳದ ಪುಡಿ ಎಸೆದು ಬೆಂಕಿ ಭುಗಿಲೆದ್ದು, ಸಭೆಯ ಹಿಂದಿನಿಂದ ಬಣ್ಣದ ವೇಷ ಆರ್ಭಟಿಸುತ್ತ ಬರುವುದು. ಪ್ರಸಂಗ ಯಾವುದೆಂದು ಗೊತ್ತಿಲ್ಲದ ಮಗುವಿಗೂ ಅಮ್ಮನ ಸೆರಗು ಹಿಡಿಯುವಷ್ಟು ಹೆದರಿಕೆ. ಕಣ್ಣಿಗೆ ಅಷ್ಟು ಸಾಕು. ಆದರೆ ನಮ್ಮವರು ಇದರ ತೀರ ಎದುರಿನದನ್ನೂ ಇಟ್ಟುಕೊಂಡಿದ್ದಾರಲ್ಲ, ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಶಾಲು ಹೊದ್ದು ಕೂತವರ ಮಾತು ಮಾತ್ರ. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಎಂದರೆ ನಮ್ಮ ಅಪ್ಪ ಬಸ್ಸಿಲ್ಲದಿದ್ದರೆ ನಡೆದು ಹೋಗುತ್ತಿದ್ದರು. ಬಾಣ ತಾಗಿದ ಮೇಲೆ ವಾಲಿ ಮಾತಾಡಬೇಕು, ರಾಮ ಉತ್ತರ ಕೊಡಬೇಕು. ಕಾಳಗ ಬೇಗ ಮುಗಿಯಲಿ ಎಂದು ಸಭೆ ಕಾಯುವುದೇ ಆ ಮಾತಿಗೆ. ಸಾಯುವ ರಾಕ್ಷಸನ ಬಾಯಲ್ಲಿ ಕಥೆ ಹೇಳಿಸುವುದು ಜಪಾನಿನವರ ತಪ್ಪಲ್ಲ, ನಮ್ಮಲ್ಲೂ ಅದೇ ರುಚಿ. ಆದರೆ ವಾಲಿ ಯಾರು, ಸುಗ್ರೀವನಿಗೂ ಅವನಿಗೂ ಏನಾಯಿತು ಎಂಬುದು ಸಭೆಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದದ್ದಕ್ಕೇ ಆ ಮಾತು ತೂಕ. ಇಲ್ಲಿ ಪರಿಚಯ, ವಾದ, ಶ್ರದ್ಧಾಂಜಲಿ ಮೂರೂ ಒಟ್ಟಿಗೆ.

ಮೂರನೆಯ ಕಾಳಗ ಅಕಾಜಾ ಎಂಬ ರಾಕ್ಷಸನದ್ದು. ಮೈತುಂಬ ನೀಲಿ ಗೆರೆ, ಆಯುಧವಿಲ್ಲ, ಬರಿಗೈ. ಮೊದಲ ಸಲ ಅವನ ಹಿಂದಿನ ಕಥೆ ಬಂದಾಗ ನಾವು ಗಡಿಯಾರ ನೋಡಿದ್ದೆವು. ಈ ಸಲ ಓದಲು ಬಾರದ್ದಕ್ಕೆ ನೋಡಿದೆವು.

ಒಬ್ಬ ಹುಡುಗ. ಚಾಪೆಯ ಮೇಲೆ ಮಲಗಿದ ತೆಳ್ಳಗಿನ ಅಪ್ಪ. ಹುಡುಗ ಬೀದಿಯಲ್ಲಿ ಜೇಬು ಹೊಡೆಯುತ್ತಾನೆ, ಸಿಕ್ಕಿಬೀಳುತ್ತಾನೆ, ಬೆತ್ತದ ಏಟು ತಿನ್ನುತ್ತಾನೆ, ತಪ್ಪಿತಸ್ಥನ ಗುರುತಾಗಿ ತೋಳಿಗೆ ಹಚ್ಚೆಯ ಪಟ್ಟಿ. ಒಂದಾದ ಮೇಲೊಂದು ಪಟ್ಟಿ. ಕದಿಯುವುದು ಅಪ್ಪನ ಮದ್ದಿಗೆ. ಒಂದು ದಿನ ಓಡಿಬಂದವನೊಬ್ಬ ಸುದ್ದಿ ಹೇಳುತ್ತಾನೆ: ಅಪ್ಪ ನೇಣು ಹಾಕಿಕೊಂಡಿದ್ದಾರೆ. ಮಗ ಕದ್ದ ದುಡ್ಡಿನಲ್ಲಿ ಬದುಕಿರುವುದು ಬೇಡ, ನೀನಾದರೂ ನೆಟ್ಟಗೆ ಬಾಳು ಎಂದು ಚೀಟಿ. ಚೀಟಿಯಲ್ಲಿ ಏನಿತ್ತೆಂದು ಸೆಪ್ಟೆಂಬರಿನಲ್ಲಿ ಓದಿದ್ದೆವು, ಎರ್ಲಾಂಗೆನ್‌ನಲ್ಲಿ ಓದುವ ಅಗತ್ಯ ಬೀಳಲಿಲ್ಲ.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಡಿ.ಫಾರ್ಮ ಮುಗಿಸಿ, ಊರಲ್ಲಿ ಕೆಲವು ವರ್ಷ ಮೆಡಿಕಲ್ ಶಾಪಿನಲ್ಲಿ ನಿಂತು, 2008ರಲ್ಲಿ ಇಲ್ಲಿಗೆ ಬಂದದ್ದು. ಪುತ್ತೂರಿನ ಕಡೆಯ ಹಳ್ಳಿಯಲ್ಲಿದ್ದ ಅಪ್ಪನಿಗೆ ಬಿಪಿ. ತಿಂಗಳ ದುಡ್ಡಿನ ಜೊತೆ ಮದ್ದಿನ ದುಡ್ಡು ಬೇರೆಯೇ ಹೋಗುತ್ತಿತ್ತು. 2016ರ ರಜೆಯಲ್ಲಿ ಅಪ್ಪನ ಎಲೆಅಡಿಕೆ ತಟ್ಟೆಯ ಪಕ್ಕದ ಸ್ಟೀಲ್ ಡಬ್ಬಿ ತೆರೆದರೆ, ಒಳಗೆಲ್ಲ ಅರ್ಧರ್ಧ ಮಾತ್ರೆ. ಅಡಕತ್ತರಿಯಲ್ಲಿ ಕತ್ತರಿಸಿ ಇಟ್ಟಿದ್ದರು. ಎರಡು ತಿಂಗಳ ಮದ್ದು ನಾಲ್ಕು ತಿಂಗಳು ಬರುತ್ತಿತ್ತು. ಕೇಳಿದರೆ, "ನೀನು ಅಲ್ಲಿ ಬಿಸಿಲಿನಲ್ಲಿ ದುಡಿದ ದುಡ್ಡು, ನಾನು ನುಂಗಿ ಮುಗಿಸುವುದಾ?" ಎಂದರು. ನಾವು ಬಿಸಿಲಿನಲ್ಲಿ ದುಡಿಯುವುದಿಲ್ಲ ಅಪ್ಪ, ಎಸಿಯಲ್ಲಿ ಮಾತ್ರೆ ಎಣಿಸುವುದು ಎಂದು ಎಷ್ಟು ಹೇಳಿದರೂ ಅವರು ನಂಬಿದಂತೆ ಕಾಣಲಿಲ್ಲ. ಗಲ್ಫ್ ಎಂದರೆ ಬಿಸಿಲು. ಎರಡು ವರ್ಷದ ನಂತರ ಪಾರ್ಶ್ವವಾಯು ಬಡಿದು ಹೋದರು. ಅರ್ಧ ಮಾತ್ರೆಯಿಂದಲೇ ಹೀಗಾಯಿತು ಎಂದು ನಾವು ಹೇಳಲಾರೆವು. ಅಲ್ಲವೆಂದೂ ಹೇಳಲಾರೆವು. ಕೌಂಟರಿನ ಆಚೆ ನಿಂತವರಿಗೆ ದಿನವಿಡೀ ಹೇಗೆ ನುಂಗಬೇಕೆಂದು ಹೇಳುವವರ ಮನೆಯಲ್ಲೇ ಹೀಗೆ.

(ಇದನ್ನು ಓದಿ ಊರಿಗೆ ಫೋನ್ ಮಾಡುವವರು ಒಂದು ಮಾತು ಕೇಳಿ: ಮಾತ್ರೆ ಅರ್ಧ ಮಾಡುತ್ತಿದ್ದೀರಾ ಎಂದಲ್ಲ, "ಸ್ಟ್ರಿಪ್‌ನಲ್ಲಿ ಎಷ್ಟು ಉಳಿದಿದೆ" ಎಂದು. ಮೊದಲನೆಯದಕ್ಕೆ ಸುಳ್ಳು ಹೇಳುತ್ತಾರೆ. ನಿಧಾನವಾಗಿ ಕರಗುವಂತೆ ಮಾಡಿದ ಕೆಲವು ಮಾತ್ರೆಗಳನ್ನು ಮುರಿದರೆ ಒಂದೇ ಸಲಕ್ಕೆ ಮದ್ದು ಮೈಗೆ ಇಳಿಯುತ್ತದೆ, ಅದು ಇನ್ನೂ ಅಪಾಯ.)

ಚಿತ್ರಮಂದಿರದಲ್ಲಿ ಅಂದು ನಮ್ಮ ಪಕ್ಕದಲ್ಲಿದ್ದ ಜರ್ಮನ್ ಹುಡುಗರು ಕಾಳಗ ನಿಂತಿತೆಂದು ಪಾಪ್‌ಕಾರ್ನ್ ತರಲು ಎದ್ದು ಹೋದರು. ನಾವು ಏಳಲಿಲ್ಲ. ಅಕಾಜಾನ ಕಥೆ ಮುಂದೆಯೂ ಇದೆ: ಒಬ್ಬ ಗುರು ಅವನನ್ನು ಕರೆದುಕೊಂಡು ಹೋಗಿ ತನ್ನ ಕಾಯಿಲೆಯ ಮಗಳ ಆರೈಕೆಗೆ ಇಡುತ್ತಾನೆ, ಅವಳು ಗುಣವಾಗುತ್ತಾಳೆ, ಮದುವೆಯ ಮಾತಾಗುತ್ತದೆ, ಪಕ್ಕದ ಗರಡಿಯವರು ಬಾವಿಗೆ ವಿಷ ಹಾಕುತ್ತಾರೆ. ಮತ್ತೆ ವಿಷ, ಮತ್ತೆ ಮದ್ದು. ಅವನ ಕಾಲ ಕೆಳಗೆ ಕಾಳಗದಲ್ಲಿ ಮೂಡುವ ಹಿಮದ ಹೂವಿನ ಗೆರೆ ಆ ಹುಡುಗಿಯ ತಲೆಪಿನ್ನಿನದ್ದು ಎಂಬುದು ಆಗ ಕಂಡಿತು. ಮೊದಲ ಸಲ ಅಕ್ಷರ ಓದುವ ಗಡಿಬಿಡಿಯಲ್ಲಿ ಅದು ತಪ್ಪಿಹೋಗಿತ್ತು. ಅಂದರೆ ಚಿತ್ರ ಬರೆದವರಿಗೆ ಕಥೆ ಹೇಳಲು ಗೊತ್ತಿದೆ. ಬಾಯಿ ಮುಚ್ಚಲು ಮಾತ್ರ ಗೊತ್ತಿಲ್ಲ. ಆದರೂ ನಮ್ಮ ತೀರ್ಪು ಬದಲಾಗಿಲ್ಲ. ಈ ಅರ್ಧ ಗಂಟೆ ಮೊದಲಿಗೆ ಬಂದು, ಆಮೇಲೆ ಕಾಳಗ ನಡೆದಿದ್ದರೆ, ಪ್ರತಿ ಏಟೂ ನಮಗೆ ತಾಗುತ್ತಿತ್ತು.

ರಾತ್ರಿ ಮನೆಯಲ್ಲಿ ಬಿಸಿ ಸಾರು ಕುಡಿಯುವಾಗ ಇದನ್ನೇ ಹೇಳಿದೆವು. ಮಗ ವಾದಕ್ಕೆ ಬರಲಿಲ್ಲ. ಒಳಗೆ ಹೋಗಿ ತನ್ನ ಚಿತ್ರದ ಪುಸ್ತಕ ತಂದ. ಅವನಿಗೆ ಬಿ.ಫಾರ್ಮ ಮಾಡಿಸಬೇಕೆಂಬುದು ನಮ್ಮ ಲೆಕ್ಕ. ನಾವು ಡಿಪ್ಲೊಮಾದಲ್ಲಿ ನಿಂತವರು, ಅವನು ಡಿಗ್ರಿಗೆ ಹೋಗಲಿ. ಅವನಿಗೆ ಅನಿಮೇಷನ್ ಕಲಿಯಬೇಕು. ಆರು ತಿಂಗಳಿಂದ ಈ ವಿಷಯದಲ್ಲಿ ಮನೆಯಲ್ಲಿ ಶೀತಲ ಯುದ್ಧ. ಪುಸ್ತಕದ ತುಂಬ ಕಾಳಗ. ಕೈ ಪಳಗಿದೆ, ಒಪ್ಪಲೇಬೇಕು. ಹಾರುವವನ ಬಟ್ಟೆಯ ಮಡಿಕೆ, ಕತ್ತಿಯ ಹೊಳಪು, ಎಲ್ಲ ಸರಿ.

"ಇವನು ಯಾಕೆ ಹೊಡೆಯುತ್ತಿದ್ದಾನೆ?" ಎಂದು ಒಂದು ಪುಟ ತೋರಿಸಿ ಕೇಳಿದೆವು.

"ಅದು ಇನ್ನೂ ಯೋಚಿಸಿಲ್ಲ" ಎಂದ. ಅತ್ತೆ ನಕ್ಕಳು, ಮಾವನೂ ನಕ್ಕ. ಅವನ ಮುಖ ಸಣ್ಣದಾಯಿತು. ಹಾಗೆ ಕೇಳಬಾರದಿತ್ತು, ಅಷ್ಟು ಜನರ ಮುಂದೆ.

ವಾಪಸಾಗುವಾಗ ವಿಮಾನದಲ್ಲಿ ಆರು ಗಂಟೆ ಅವನು ಹೆಡ್‌ಫೋನ್ ಹಾಕಿ ಕೂತಿದ್ದ. ಬಂದು ಒಂದು ವಾರದ ಮೇಲೆ, ನಾವು ನೈಟ್ ಡ್ಯೂಟಿಗೆ ಹೊರಡುವ ಹೊತ್ತಿಗೆ, ಅಡುಗೆಮನೆ ಬಾಗಿಲಲ್ಲಿ ನಿಂತು, "ಅಜ್ಜನ ಅಡಕತ್ತರಿ ಹೇಗಿತ್ತು? ಹಿಡಿ ಹಿತ್ತಾಳೆಯದ್ದಾ, ಕಬ್ಬಿಣದ್ದಾ?" ಎಂದು ಕೇಳಿದ. ಯಾಕೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ಆದರೆ ಉತ್ತರ ನಮಗೇ ಸರಿಯಾಗಿ ನೆನಪಿರಲಿಲ್ಲ. ಬೋಟಿಮ್‌ನಲ್ಲಿ ಊರಿಗೆ ಫೋನ್ ಮಾಡಿದೆವು. ಅಮ್ಮ ಆ ಹೊತ್ತಿಗೆ ಎದ್ದು ಹೋಗಿ ಹುಡುಕಿದರು. ಎಲೆಅಡಿಕೆ ತಟ್ಟೆಯಲ್ಲೇ ಇದೆ, ಈಗ ಯಾರೂ ಮುಟ್ಟುವುದಿಲ್ಲ, ತುಕ್ಕು ಹಿಡಿದಿದೆ ಎಂದರು. ಪಕ್ಕದ ಮನೆಯ ಹುಡುಗನಿಂದ ಫೋಟೊ ತೆಗೆಸಿ ಕಳಿಸಿದರು. ಕೈ ಅಲುಗಿ ಚಿತ್ರ ಮಸುಕಾಗಿತ್ತು. ಹಿಡಿ ಕಬ್ಬಿಣದ್ದೇ. ಮಗ ಅದನ್ನು ದೊಡ್ಡದು ಮಾಡಿ ನೋಡಿ, "ಇನ್ನೊಂದು ಕಳಿಸಲು ಹೇಳಿ, ಬಾಯಿ ತೆರೆದಿರುವುದು" ಎಂದ.